ಮೊದಲು ಸಿಕ್ಕ ಫೈಲು

ಗೋರಖನಾಥ ಅಕ್ಷರ ಕಲಿಯುವುದಕ್ಕೆ ಮೊದಲೇ ಕಾಯುವುದನ್ನು ಕಲಿತ. ಔರಾದ ತಾಲ್ಲೂಕಿನ ಡಾಬಕಾದಲ್ಲಿ, ಊರ ದೊಡ್ಡ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ, ಅವನ ತಾಯಿ ಸುಭದ್ರಾಬಾಯಿ ಖಾಲಿ ಕೊಡವನ್ನು ನೆಲಕ್ಕಿಟ್ಟು ನಿಲ್ಲುತ್ತಿದ್ದಳು. ಅವನು ಅವಳ ಸೆರಗು ಹಿಡಿದು ನಿಲ್ಲುತ್ತಿದ್ದ. ಮೇಲಿನ ಓಣಿಯವರಲ್ಲಿ ಯಾರಿಗಾದರೂ ಕರುಣೆ ಬಂದು ತಮ್ಮ ಕೊಡವನ್ನೆತ್ತಿ ಮೇಲಿನಿಂದ ಸುರಿದರೆ ಅಂದು ಬಾವಿಯ ನೀರು. ಬಾರದಿದ್ದರೆ ಹಳ್ಳದ ಒರತೆ. ಸುರಿಯುವಾಗ ಅರ್ಧ ನೀರು ಮಣ್ಣಿನ ಪಾಲಾಗುತ್ತಿತ್ತು. ಅಜ್ಜನ ಕಾಲಕ್ಕೇ ಆ ಮನೆಯವರು ಬುದ್ಧನ ದೀಕ್ಷೆ ಪಡೆದಿದ್ದರು. ದೀಕ್ಷೆಯಿಂದ ಅವರ ಬೆನ್ನು ನೆಟ್ಟಗಾಗಿತ್ತು; ಬಾವಿಯ ಕಟ್ಟೆ ಮಾತ್ರ ಇದ್ದಲ್ಲಿಯೇ ಇತ್ತು.

"ನೀರಿಗಿ ಜಾತಿ ಇಲ್ಲಪ್ಪ, ಹಗ್ಗಕ್ಕ ಅದ," ಎನ್ನುತ್ತಿದ್ದಳು ಸುಭದ್ರಾಬಾಯಿ. "ನೀ ದೊಡ್ಡಾಂವ ಆದ ಮ್ಯಾಲೆ ಯಾರನ್ನೂ ಹೀಂಗ ನಿಂದ್ರಸಬ್ಯಾಡ."

ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಗೋರಖನಾಥ ಅದನ್ನು ಮರೆತವನಲ್ಲ. ಮರೆಯದವನ ಕೈಯಿಂದಲೇ ಅದು ಮುರಿದುಹೋಯಿತು ಎಂಬುದು ಅವನ ಜೀವನದ ಕಥೆ.

ಔರಾದಿನ ಸಾಲೆ ಮುಗಿಸಿ, ಬೀದರದಲ್ಲಿ ಬಿ.ಎ. ಓದಿ, ಟೈಪಿಂಗ್ ಪರೀಕ್ಷೆ ಪಾಸಾಗಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಅವನು ಅದೇ ಊರಿನ ಅಂಚಿನ ಚಿದ್ರಿಯ ಜಲದಾಸೋಹ ಮಂಡಳಿಯಲ್ಲಿ ಕೆಲಸಕ್ಕೆ ಸೇರಿದ. ಬರದ ವರ್ಷಗಳಲ್ಲಿ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಗೆ ದಾನಿಗಳ ನೆರವಿನಿಂದ ಟ್ಯಾಂಕರಿನಲ್ಲಿ ನೀರು ಕಳಿಸುವುದು ಆ ಮಂಡಳಿಯ ಕಾರ್ಯ. ಕಚೇರಿಯ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವರು ಪ್ರಭಾಕರರು. ಬೀದರದ ಹಳೆಯ ಮನೆತನದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ನಗೆಮಾತು. ಕೆಲಸದ ಮೊದಲ ದಿನ ಗೋರಖನಾಥ ಬಾಯಾರಿ ಅತ್ತಿತ್ತ ನೋಡುತ್ತಿದ್ದಾಗ ಅವರು ತಮ್ಮ ಸ್ವಂತ ತಂಬಿಗೆಯನ್ನು ಅವನ ಕೈಗಿತ್ತರು. ಅವನು ರೂಢಿಯಂತೆ ತಂಬಿಗೆಯನ್ನು ಬಾಯಿಗೆ ತಾಗಿಸದೆ ಮೇಲಕ್ಕೆತ್ತಿದ.

"ಅಯ್ಯ, ಬಾಯಿ ಹಚ್ಚೇ ಕುಡೀರಿ," ಎಂದರು ಪ್ರಭಾಕರರು. "ಎತ್ತಿ ಕುಡದು ಅಂಗಿ ತೋಯಿಸಿಕೊಂಡ್ರ ನಮ್ಮ ಮನ್ಯಾಕಿ ಬೈತಾಳ. ನಿಮ್ಮ ಮನ್ಯಾಗ ಬೈಯೂದಿಲ್ಲೇನು?"

ಅಂದು ಗೋರಖನಾಥ ಮೆಟ್ಟಿಲ ಕೆಳಗೆ ಹೋಗಿ ನಿಂತು ಅತ್ತ. ಒಂದು ತಂಬಿಗೆ ನೀರಿಗೆ ಮನುಷ್ಯ ಎಷ್ಟು ಕಾಲ ಋಣಿಯಾಗಿರಬಲ್ಲನೆಂದು ಕೊಟ್ಟವನಿಗೆ ತಿಳಿಯುವುದಿಲ್ಲ. ಆ ಗಳಿಗೆಯಿಂದ ಪ್ರಭಾಕರರು ಅವನಿಗೆ ಗುರು. ಅವರು ಹೇಳಿದ್ದು ವೇದ.

ಗುರು ಅವನಿಗೆ ಎರಡು ಕೆಲಸ ಕಲಿಸಿದರು. ಮೊದಲನೆಯದು, ನೀರು ಬೇಕಾದ ಊರುಗಳ ಯಾದಿಯನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು. ಎರಡನೆಯದು, ದಿನವೂ ಮುಂಜಾನೆ ಇನ್ನೊಂದು ಪ್ರೋಗ್ರಾಮನ್ನು ತೆರೆದು ಒಂದು ಗುಂಡಿ ಒತ್ತುವುದು. ಒತ್ತಿದೊಡನೆ ಅಂದಿನ ಫೇರಿ ಚೀಟಿ, ಎಂದರೆ ಯಾವ ಗಾಡಿ ಯಾವ ಊರಿಗೆ ಎಂಬ ಕಾಗದ, ನಲವತ್ತು ನಲವತ್ತೈದು ಕಿಲೋಮೀಟರು ಎಂದು ಲೆಕ್ಕಿಸದೆ ಔರಾದಿನ ಟ್ಯಾಂಕರ್ ಅಂಗಳದಲ್ಲಿ ಅಚ್ಚಾಗಿ ಹೊರಬರುತ್ತಿತ್ತು. ಬೀದರದಲ್ಲಿ ಕುಳಿತವನಿಗೆ ಆ ಕಾಗದ ಕಾಣುತ್ತಿರಲಿಲ್ಲ. ಕಾಣಬೇಕೆಂದು ಯಾರಿಗೂ ಎಂದೂ ಅನ್ನಿಸಿರಲಿಲ್ಲ.

ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ ಡಾಬಕಾದಿಂದಾಚೆಯ ಪಳಸವಾಡಿ ಎಂಬ ಸಣ್ಣ ವಾಡಿಯ ಜನವೆಲ್ಲ ಬಾಗಿಲಿಗೆ ಬೀಗ ಜಡಿದು, ಹೈದರಾಬಾದಿಗೆ ಕಟ್ಟಡದ ಕೂಲಿಗೆ ಹೋದರು. ನಾಯಿಗಳ ಹೊರತು ಅಲ್ಲಿ ಯಾರೂ ಉಳಿಯಲಿಲ್ಲ. ಖಾಲಿ ಊರಿಗೆ ಗಾಡಿ ಏಕೆಂದು ಪ್ರಭಾಕರರು ಆ ವಾಡಿಯ ಫೇರಿಯನ್ನು ನಿಲ್ಲಿಸಿದರು. ಹೇಗೆ ನಿಲ್ಲಿಸಿದರೆಂದು ಗೋರಖನಾಥನಿಗೆ ತಿಳಿಯಲಿಲ್ಲ; ಅಂದು ಅವನು ತಾಯಿಯ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದ. ಅದಾಗಿ ಎರಡು ವಾರಕ್ಕೆ ಪ್ರಭಾಕರರು ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಂತೆ ಹೋಗಿಬಿಟ್ಟರು. ಕಂಡಕ್ಟರು ಭಾಲ್ಕಿಯಲ್ಲಿ ಭುಜ ಹಿಡಿದು ಅಲುಗಿಸಿದಾಗಲೇ ತಿಳಿದದ್ದು.

ಹದಿಮೂರನೆಯ ದಿನ ಅವರ ಹೆಂಡತಿ ಅಲಕಾಬಾಯಿ, ಬಂದವರೆಲ್ಲ ಎದ್ದ ಮೇಲೆ, ಗೋರಖನಾಥನನ್ನು ಹೊಸ್ತಿಲ ಬಳಿ ನಿಲ್ಲಿಸಿದರು.

"ಗೋರಖಣ್ಣ, ಒಂದು ಮಾತು ನಡಸಿಕೊಡ್ತೀರೇನ್ರಿ? ನಮ್ಮ ಮನ್ಯಾಗ ಸತ್ತವರ ಗಂಟು ವರ್ಷಾಂತಿಕ ಆಗೂತನಾ ಬಿಚ್ಚೂದಿಲ್ಲ. ಅವರ ಕೋಟು ಗೂಟದ ಮ್ಯಾಲೆ ಹಂಗೇ ಅದ. ಚಷ್ಮಾ ಕಟ್ಟಿ ಮ್ಯಾಲೆ ಹಂಗೇ ಅದ. ಆಫೀಸಿನ್ಯಾಗೂ ಅವರು ಇಟ್ಟದ್ದು ಇಟ್ಟಲ್ಲೇ ಇರಲ್ರಿ. ಆ ಕಂಪ್ಯೂಟರದಾಗಿಂದೂ. ಮಂದಿ ಕೈ ಹಾಕಿ ಕೆದರಬಾರದು."

"ಇರಲ್ರಿ ವೈನಿ. ನಾ ಇದ್ದೇನಲ್ಲ."

"ನೀವು ಅವರ ತಮ್ಮ ಇದ್ಹಂಗ."

ಆ ಮನೆತನದ ಹೆಣ್ಣುಮಗಳ ಬಾಯಿಂದ ತಮ್ಮ ಎಂಬ ಶಬ್ದ! ಗೋರಖನಾಥನಿಗೆ ಅದು ತಂಬಿಗೆಯ ನೀರಿಗಿಂತ ತಂಪೆನಿಸಿತು. ಅಂದಿನಿಂದ ಅವನು ಕಂಪ್ಯೂಟರನ್ನು ತನ್ನ ಹೆಸರಿನಲ್ಲಿ ತೆರೆಯಲಿಲ್ಲ. ದಿನವೂ ಪ್ರಭಾಕರರ ಹೆಸರು, ಅವರು ನಂಬಿ ಹೇಳಿದ್ದ ಗುಪ್ತ ಶಬ್ದ, ಕೀಬೋರ್ಡಿನ ತಲೆಯ ಮೇಲೊಂದು ಕಣಗಿಲೆ ಹೂವು. ಪರದೆಯ ಮೇಲೆ ಗುರುವಿನ ಹೆಸರು ಮೂಡಿದಾಗ ಕೈ ಮುಗಿದು ಕೆಲಸಕ್ಕೆ ತೊಡಗುತ್ತಿದ್ದ. ಭಕ್ತಿಯನ್ನು ಹಳಿಯುವ ಅಧಿಕಾರ ಯಾರಿಗಿದೆ? ಆದರೆ ಭಕ್ತಿಗೆ ಕಣ್ಣಿರಬೇಕು. ಕಣ್ಣು ಮುಚ್ಚಿದ ಭಕ್ತಿ ದೇವರ ಎದುರಿಗೆ ಬಂದೂ ಗೋಡೆಗೆ ನಮಸ್ಕರಿಸುತ್ತದೆ.

ಮರುವರ್ಷದ ಮಾಘ ಮಾಸದಲ್ಲಿ ಭಾಲ್ಕಿಯಿಂದ ಜಹೀರೋದ್ದೀನ ಬಂದ. ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ದುರಸ್ತಿ ಅಂಗಡಿ ಇಟ್ಟವನು. ಮಂಡಳಿಯ ಎರಡೂ ಪ್ರೋಗ್ರಾಮುಗಳನ್ನು ಬರೆದುಕೊಟ್ಟವನೂ ಅವನೇ. ಆ ವರ್ಷದ ಬರ ಹಿಂದಿನದಕ್ಕಿಂತ ಘೋರವೆಂದು ಆಗಲೇ ಕಂಡಿತ್ತು. ಹೊಸ ಯಾದಿಯನ್ನು ಓದುವಂತೆ ಫೇರಿ ಚೀಟಿಯ ಪ್ರೋಗ್ರಾಮಿಗೆ ಹೊಸ ಸೆಟ್ಟಿಂಗ್ ಫೈಲನ್ನು ಬರೆದು, ಎಲ್ಲರಿಗೂ ಸಾಮಾನ್ಯವಾದ ಜಾಗದಲ್ಲಿ ಇಟ್ಟು, ಅವನು ಚಹಾ ಕುಡಿಯುತ್ತ ಗೋರಖನಾಥನಿಗೆ ತಿಳಿಸಿ ಹೇಳಿದ.

"ನೋಡ್ರಿ ಗೋರಖ ಭಾಯಿ, ಈ ಪ್ರೋಗ್ರಾಮಿಗಿ ತನ್ನದು ಅಂತ ಅಕ್ಕಲ್ ಇಲ್ಲ. ಎದ್ದ ಕೂಡ್ಲೆ ಹುಕುಂ ಹುಡುಕತದ: ಯಾವ ಯಾದಿ ಓದ್ಲಿ, ಎಷ್ಟು ಫೇರಿ ಬರೀಲಿ. ಮೊದಲ ತಾ ನಿಂತ ಜಾಗಾದಾಗ ಹುಡುಕತದ. ಅಲ್ಲಿ ಸಿಗಲಿಲ್ಲಂದ್ರ, ಯಾರ ಹೆಸರಲೆ ಕಂಪ್ಯೂಟರ್ ತಗದೀರಿ ಅವರ ಮನಿಗಿ ಹೋಗತದ. ಅವರದೇ ಒಂದು ಫೋಲ್ಡರ್ ಇರತದಲ್ಲ, ಅದಕ್ಕ ನಾವು ಮನಿ ಅಂತೇವಿ. ಅಲ್ಲೂ ಇಲ್ಲಂದ್ರ ಕಡೀಕ ಚಾವಡಿಗಿ ಬರತದ. ನಾ ಈಗ ಹುಕುಂ ಇಟ್ಟದ್ದು ಚಾವಡ್ಯಾಗ."

"ಮೂರೂ ಕಡಿ ಸಿಕ್ಕ್ರ ಯಾವದು ಖರೇ?"

"ಮೊದಲ ಸಿಕ್ಕದ್ದು! ಅದರ ಮುಂದಿಂದು ತಗದೂ ನೋಡೂದಿಲ್ಲ. ಮನ್ಯಾಗ ಒಂದು ಹರಕು ಚೀಟಿ ಸಿಗಲಿ, ಬಸ್, ಅದೇ ಕುರಾನ್. ಚಾವಡ್ಯಾಗಿನ ಮೊಹರ್ ಹಾಕಿದ ಹುಕುಂ ಅಲ್ಲೇ ಕೊಳೀತ ಬೀಳತದ. ತಪ್ಪಾತು ಅಂತ ಹೇಳೂದೂ ಇಲ್ಲ, ತಕರಾರೂ ಇಲ್ಲ." ಜಹೀರೋದ್ದೀನ ಚಹಾದ ಬಶಿಯನ್ನು ಕೆಳಗಿಟ್ಟ. "ಅದಕ್ಕೇ ಕೇಳ್ತೇನಿ. ಪ್ರಭಾಕರ ಸಾಬರ ಮನ್ಯಾಗ ಹಳೀದು ಏನರ ಉಳದದೇನು? ಅವರ ಹೆಸರಲೆ ಇನ್ನ ತಗೀಬ್ಯಾಡ್ರಿ. ನಿಮ್ಮ ಹೆಸರಲೆ ತಗೀರಿ. ನಾ ಈಗ ನೋಡಿ ಸಾಫ್ ಮಾಡ್ಲೇನು?"

ಗೋರಖನಾಥ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ. ಭಾಲ್ಕಿಯ ಈ ಮನುಷ್ಯ ಗುರುವಿನ ಗಂಟಿಗೆ ಕೈ ಹಾಕಿ ಬಿಚ್ಚುವುದೇ?

"ಏನೂ ಇಲ್ರಿ," ಎಂದ. "ನಾ ನನ್ನ ಹೆಸರಲೇ ತಗೀತೇನಿ."

ಒಂದು ಸುಳ್ಳು, ಐದಾರು ಶಬ್ದ. ಪ್ರೇಮದಿಂದ ಹೇಳಿದ್ದು. ಪ್ರೇಮದಿಂದ ಹೇಳಿದ ಸುಳ್ಳಿಗೆ ಲೋಕದಲ್ಲಿ ಹಲ್ಲುಗಳಿರುವುದಿಲ್ಲವೆಂದು ನಾವೆಲ್ಲ ನಂಬಿದ್ದೇವೆ.

ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ ಅದು. ಪಳಸವಾಡಿಯ ಗಂಡಸರು ಮತ್ತೆ ಹೈದರಾಬಾದಿಗೆ ಹೋದರು. ಹೆಂಗಸರು ಮುದುಕರು ಈ ಸಲ ವಾಡಿಯಲ್ಲೇ ಉಳಿದರು. ಹಿಂದಿನ ವರ್ಷ ಕಟ್ಟಡದ ಬುಡದಲ್ಲಿ ತಗಡು ಹೊದ್ದು ಮಲಗಿ ಎರಡು ಕೂಸುಗಳನ್ನು ಮಣ್ಣು ಮಾಡಿ ಬಂದಿದ್ದರು. ಮತ್ತೆ ಹೋಗುವ ಎದೆ ಅವರಿಗೆ ಇರಲಿಲ್ಲ. ವಾಡಿಯಲ್ಲಿ ಇಪ್ಪತ್ತೆರಡು ಮನೆಗಳ ಬೀಗ ತೆರೆದವು. ಚೈತ್ರದಲ್ಲಿ ಅಲ್ಲಿಂದ ಕೇಶರಬಾಯಿ ಎಂಬ ಮುದುಕಿ ಡಾಬಕಾದವರೆಗೆ ನಡೆದು, ಔರಾದಿನಲ್ಲಿ ಬಸ್ಸು ಬದಲಿಸಿ, ಚಿದ್ರಿಯ ಕಚೇರಿಗೆ ಬಂದಳು. ಗೋರಖನಾಥ ತನ್ನ ಸೀಮೆಯ ಮಾತು ಕೇಳಿ ಹಿಗ್ಗಿ, ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ನೀರು ಕೊಟ್ಟು, ಅವಳೆದುರಿಗೇ ಯಾದಿಯಲ್ಲಿ ಪಳಸವಾಡಿ ಎಂದು ಬರೆದ. ಆ ವರ್ಷದ ಯಾದಿಗೂ ಹಿಂದಿನ ವರ್ಷದ ಯಾದಿಗೂ ಇದ್ದ ವ್ಯತ್ಯಾಸ ಆ ಒಂದೇ ಹೆಸರು.

"ನಾಳಿಂದ ಬರತದ ಅವ್ವಾ."

"ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪ. ಸೊಸಿ ಬಸರಿ ಅದಾಳ. ಮೆಟ್ಟಲ ಬಾವಡ್ಯಾಗ ಇಳದು ಇಳದು ಸಾಕಾಗ್ಯದ ಅಕಿಗಿ."

ಹನ್ನೆರಡು ದಿನದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಕಂಕುಳಲ್ಲಿ ಖಾಲಿ ಕೊಡವಿತ್ತು. ಮಂಡಳಿಯ ಕಾರ್ಯದರ್ಶಿ ದತ್ತಾತ್ರೇಯರು ಆಗ ಕಚೇರಿಯಲ್ಲಿದ್ದರು. ಬಾಯಲ್ಲಿ ಪಾನು, ಹೆಗಲಿಗೆ ಇಸ್ತ್ರಿಯ ಶಲ್ಯ. ದಾನ ಮಾಡುವವರಲ್ಲಿ ಕೆಲವರಿಗೆ ಬೇಡುವವರ ಮೇಲೆ ಹುಟ್ಟುವ ಒಂದು ಬಗೆಯ ಸಿಟ್ಟು ಅವರ ಮುಖದಲ್ಲಿ ಸದಾ ಇರುತ್ತಿತ್ತು.

"ಗಾಡಿ ಬಂದಿಲ್ರಿ," ಎಂದಳು ಕೇಶರಬಾಯಿ.

"ಬಂದಿಲ್ಲ? ಏ ಗೋರಖ್ಯಾ, ನೋಡು ಸ್ವಲ್ಪ."

ಗೋರಖನಾಥ ಯಾದಿಯನ್ನು ತೆರೆದ. ಪಳಸವಾಡಿ ಎಂಬ ಹೆಸರು ಅಚ್ಚುಕಟ್ಟಾಗಿ ಅಲ್ಲಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡ್ರಿ ಅವ್ವಾ, ನಿಮ್ಮ ಹೆಸರು ಕಂಪ್ಯೂಟರದಾಗ ಅದ."

"ನನಗ ಅದು ಓದಲಾಕ ಬರಂಗಿಲ್ಲ ಸಾಹೇಬ. ನನಗ ಕೊಡಾ ಓದಲಾಕ ಬರತದ." ಅವಳು ಕೊಡವನ್ನು ಬೋರಲು ಮಾಡಿದಳು. ಒಳಗಿನಿಂದ ಒಂದು ಒಣ ಬೇವಿನೆಲೆ ನೆಲದ ಮೇಲೆ ಬಿತ್ತು.

ದತ್ತಾತ್ರೇಯರು ನಕ್ಕರು. "ಭಾರಿ ಮಾತುಗಾರತಿ! ಹೊಳೀನೇ ತಂದು ನಿನ್ನ ಬಾಗಲಾಗ ಹರಸಬೇಕೇನು?"

ಗೋರಖನಾಥ ಔರಾದಿನ ಟ್ಯಾಂಕರ್ ಅಂಗಳಕ್ಕೆ ಫೋನು ಹಚ್ಚಿದ. ಅಲ್ಲಿಯ ಗುಮಾಸ್ತ ಹಣಮಂತಪ್ಪ ನಿಷ್ಠಾವಂತ, ಒಂದು ಚೀಟಿಯನ್ನೂ ಕಳೆದವನಲ್ಲ.

"ಚೀಟಿದಾಗಿನ ಊರಿಗೆಲ್ಲ ಗಾಡಿ ಮುಟ್ಟ್ಯಾವೇನ್ರಿ?"

"ಚೀಟಿದಾಗ ಇದ್ದವಕ್ಕೆಲ್ಲ ಮುಟ್ಟ್ಯಾವ್ರಿ. ಒಂದೂ ಬಿಟ್ಟಿಲ್ಲ. ದೇವರ ಆಣಿ."

ಕೇಳಿದವನು ಸತ್ಯ ಕೇಳಿದ. ಹೇಳಿದವನು ಸತ್ಯ ಹೇಳಿದ. ಇಬ್ಬರ ಸತ್ಯದ ನಡುವಿನ ಸಂದಿಯಲ್ಲಿ ಇಪ್ಪತ್ತೆರಡು ಮನೆಗಳು ಬಿದ್ದುಹೋದವು. ಪಳಸವಾಡಿ ಚೀಟಿಯಲ್ಲಿದೆಯೇ ಎಂಬ ಸರಳ ಪ್ರಶ್ನೆ ಯಾರ ನಾಲಿಗೆಗೂ ಬರಲಿಲ್ಲ.

ಮೂರನೆಯ ಸಲ ಅವಳು ಬಂದದ್ದು ವೈಶಾಖದ ಉರಿಯಲ್ಲಿ. ಕಾಲಿಗೆ ಹರಿದ ಗಂಡಸರ ಚಪ್ಪಲಿ. ಈ ಸಲ ಕುರ್ಚಿ ಕೊಟ್ಟವರಿಲ್ಲ. ಬಾಗಿಲ ಬಳಿಯೇ ನಿಂತಳು.

"ಸೊಸಿಗಿ ಎಂಟು ತುಂಬ್ಯಾವ್ರಿ. ಬಾವಡಿಗಿ ಎಪ್ಪತ್ತೊಂದು ಮೆಟ್ಟಲ ಅದಾವ. ತಳದಾಗ ಒಂದು ಬೊಗಸಿ ನೀರು. ನನ್ನ ಮೊಣಕಾಲು ಇಳಿಯಂಗಿಲ್ಲ, ಅಕೀನೇ ಇಳೀತಾಳ. ಕೆಳಗ ಹಾವಸಿ ಅದ. ನಾ ನಿಮ್ಮ ಕಾಲು ಹಿಡೀತೇನಿ, ಒಂದು ಗಾಡಿ ಕಳಸ್ರಿ."

"ಗಾಡಿ ಬರತದ, ಬರೂದಿಲ್ಲ ಅಂತೀದಿ," ಎಂದರು ದತ್ತಾತ್ರೇಯರು. "ನೀರು ಯಾರಿಗಿ ಮಾರಕೋತೀರಿ? ಇಟ್ಟಂಗಿ ಭಟ್ಟಿಯವರಿಗೇನು? ಮ್ಯಾಲೆ ಮತ್ತೊಂದು ಗಾಡಿ ಬೇಡಲಾಕ ಬಂದೀದಿ. ದಾನದ ನೀರಿನ್ಯಾಗ ಧಂಧೆ!"

ಮುದುಕಿ ದತ್ತಾತ್ರೇಯರನ್ನು ನೋಡಲಿಲ್ಲ. ಗೋರಖನಾಥನನ್ನು ನೋಡಿದಳು. "ನೀ ನಮ್ಮ ಕಡ್ಯಾಂವ. ನೀ ಹೇಳು. ನಾ ಸುಳ್ಳು ಹೇಳ್ತೇನೇನು?"

ಅವನು ಪರದೆಯನ್ನು ನೋಡಿದ. ಹೆಸರು ಅಲ್ಲಿಯೇ ಇತ್ತು. ಪರದೆಯ ಮೂಲೆಯಲ್ಲಿ ಗುರುವಿನ ಹೆಸರೂ ಇತ್ತು. ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಖಾಲಿ ಕೊಡ ಇಟ್ಟು ನಿಂತಿದ್ದ ಹೆಣ್ಣಿನ ಮಗ ಅವನು. ಅವನ ಬಾಯಿಂದ ಬಂದ ಮಾತು ಇದು:

"ಯಂತ್ರ ಸುಳ್ಳು ಹೇಳಂಗಿಲ್ಲ ಅವ್ವಾ."

ಕೇಶರಬಾಯಿ ಒಳಗೆ ಬಂದು, ಕಂಕುಳಲ್ಲಿದ್ದ ತನ್ನ ಕೊಡವನ್ನು ಅವನ ಮೇಜಿನ ಮೇಲೆ, ಕಣಗಿಲೆ ಹೂವಿನ ಪಕ್ಕದಲ್ಲಿ ಇಟ್ಟಳು. "ಇದರಾಗ ಅದ ಅಂತೀಯಲ್ಲ, ಇದರಾಗಿಂದೇ ತುಂಬು. ತುಂಬಿದ ಮ್ಯಾಲೆ ಕಳಸು," ಎಂದು ಹೇಳಿ, ಬರಿಗೈಯಲ್ಲಿ ಬಿಸಿಲಿಗಿಳಿದಳು. ದತ್ತಾತ್ರೇಯರು ಹೊಟ್ಟೆ ಹಿಡಿದು ನಕ್ಕರು. ಗೋರಖನಾಥನೂ, ಯಜಮಾನ ನಗುವಾಗ ನಗದಿರುವುದು ಹೇಗೆಂದು, ಹಲ್ಲು ತೋರಿಸಿದ.

ಕೊಡ ಸಂಜೆಯವರೆಗೂ ಮೇಜಿನ ಮೇಲಿತ್ತು. ಅದರ ಬಾಯಿ ಅವನ ಕಡೆಗೇ ತೆರೆದಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಅವನಿಗೆ ಜಹೀರೋದ್ದೀನನ ಮಾತು ನೆನಪಾಯಿತು. ಮನಿಗಿ ಹೋಗತದ. ಮೊದಲ ಸಿಕ್ಕದ್ದು. ಭಾಲ್ಕಿಗೆ ಫೋನು ಹಚ್ಚಲು ಕೈ ಚಾಚಿದ. ಹಚ್ಚಿದರೆ ಜಹೀರೋದ್ದೀನ ಬರುತ್ತಾನೆ. ಬಂದರೆ ಪ್ರಭಾಕರರ ಫೋಲ್ಡರನ್ನು ಬಿಚ್ಚುತ್ತಾನೆ. ಬಿಚ್ಚಿದರೆ ತಾನು ಮಾಘದಲ್ಲಿ ಹೇಳಿದ ಸುಳ್ಳು ಹೊರಬೀಳುತ್ತದೆ, ಅಲಕಾಬಾಯಿಗೆ ಕೊಟ್ಟ ಮಾತು ಮುರಿಯುತ್ತದೆ. ಕ್ಯಾಲೆಂಡರನ್ನು ನೋಡಿದ. ವರ್ಷಾಂತಿಕಕ್ಕೆ ಇನ್ನು ಹನ್ನೊಂದು ದಿನ. ಹನ್ನೆರಡನೆಯ ದಿನ ತಾನೇ ಎಲ್ಲವನ್ನೂ ನೋಡಿದರಾಯಿತು. ಇಷ್ಟು ದಿನ ನಡೆಸಿದವರು ಇನ್ನು ಹನ್ನೊಂದು ದಿನ ನಡೆಸಲಾರರೇ?

ಮನುಷ್ಯನ ಒಳಗೂ ಹೀಗೆಯೇ ಅಲ್ಲವೇ. ಪರಮಾತ್ಮನು ಎಲ್ಲರಿಗಾಗಿ ಬರೆದಿಟ್ಟ ಆಜ್ಞೆ ಒಂದಿದೆ: ಬಾಯಾರಿದವರಿಗೆ ನೀರು ಕೊಡು. ಅದನ್ನು ಓದಲು ನಾವು ಅಷ್ಟು ದೂರ ಹೋಗುವುದೇ ಇಲ್ಲ. ಮನೆಯ ಮಾತು, ಮಾನದ ಮಾತು, ಕೊಟ್ಟ ವಚನ ಎಂದು ಹತ್ತಿರದಲ್ಲಿ ಏನು ಸಿಕ್ಕಿತೋ ಅದನ್ನೇ ಹಿಡಿದು ಕೆಲಸಕ್ಕೆ ತೊಡಗುತ್ತೇವೆ. ತಪ್ಪಾಯಿತೆಂದು ಒಳಗಿನಿಂದ ಯಾರೂ ಕೂಗುವುದಿಲ್ಲ. ಅವನು ಫೋನನ್ನು ಕೆಳಗಿಟ್ಟ. ಕೊಡವನ್ನು ಮೇಜಿನಡಿಗೆ ಸರಿಸಿದ.

ಆರನೆಯ ದಿನ ಮುಂಜಾನೆ ಕೇಶರಬಾಯಿಯ ಸೊಸೆ ಅಂಜನಾಬಾಯಿ ಬಾವಡಿಗಿಳಿದಳು. ಕೊಡ ಬೀದರದಲ್ಲಿ ಉಳಿದಿತ್ತಾದ್ದರಿಂದ ಅವಳ ಕೈಯಲ್ಲಿ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ. ಹಿಡಿಕೆಯಿಲ್ಲದ್ದು, ಎರಡೂ ಕೈಗಳಿಂದ ಹಿಡಿಯಬೇಕಾದದ್ದು. ಇಳಿಯುವಾಗ ಏನೂ ಆಗಲಿಲ್ಲ. ತುಂಬಿಕೊಂಡು ಹತ್ತುವಾಗ, ಗೋಡೆ ಹಿಡಿಯಲು ಕೈ ಇಲ್ಲದೆ, ಹಾವಸೆಯ ಮೇಲೆ ಕಾಲು ಜಾರಿತು. ಹನ್ನೊಂದು ಮೆಟ್ಟಿಲು. ಮೇಲೆ ಕುಳಿತಿದ್ದ ಕೇಶರಬಾಯಿಗೆ ಮೊದಲು ಡಬ್ಬಿಯ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಜೀಪು ಸಿಗಲು ಎರಡು ತಾಸು. ಔರಾದ ದಾಟಿ ಬೀದರದ ದಾರಿಯಲ್ಲಿ, ಅತ್ತೆಯ ತೊಡೆಯ ಮೇಲೆ, ತಾಯಿಯೂ ಹೊಟ್ಟೆಯೊಳಗಿನ ಕೂಸೂ ಒಟ್ಟಿಗೆ ತಣ್ಣಗಾದವು. ಕೊನೆಗೆ ಅವಳು ಕೇಳಿದ್ದು ನೀರು. ಜೀಪಿನಲ್ಲಿ ನೀರಿರಲಿಲ್ಲ.

ಮರುದಿನ ಪಳಸವಾಡಿಗೆ ಟ್ಯಾಂಕರು ಬಂತು. ಒಂದಲ್ಲ, ಎರಡು. ದತ್ತಾತ್ರೇಯರು ಸುದ್ದಿ ತಿಳಿದು, ಚೀಟಿ ಗೀಟಿ ನೋಡದೆ, ಬಾಯಿಮಾತಿನಲ್ಲೇ ಕಳಿಸಿದ್ದರು. ಎರಡಕ್ಕೂ ಮಂಡಳಿಯ ಬ್ಯಾನರ್ ಕಟ್ಟಿತ್ತು. ಹಿಂದೆ ಒಬ್ಬ ಫೋಟೊದವನು ಬಂದಿದ್ದ. ವಾಡಿಯ ಹೆಂಗಸರು ಆ ಬೇಸಿಗೆಯ ಮೊದಲ ಟ್ಯಾಂಕರಿನ ಮೊದಲ ಕೊಡದ ನೀರಿನಿಂದ ಅಂಜನಾಬಾಯಿಯ ಹೆಣಕ್ಕೆ ಸ್ನಾನ ಮಾಡಿಸಿದರು. ನೀರು ಧಾರಾಳವಾಗಿತ್ತು. ಯಾರೂ ಉಳಿತಾಯ ಮಾಡಬೇಕಾಗಲಿಲ್ಲ.

ಗೋರಖನಾಥ ಭಾಲ್ಕಿಗೆ ಫೋನು ಹಚ್ಚಿದ್ದು ಅಂದು. ಜಹೀರೋದ್ದೀನ ಬಂದು ಕುಳಿತು, ಮೊದಲು ಪರದೆಯ ಮೂಲೆಯಲ್ಲಿದ್ದ ಹೆಸರನ್ನು ನೋಡಿದ. ಆಮೇಲೆ ಗೋರಖನಾಥನ ಮುಖ ನೋಡಿದ.

"ನಿಮ್ಮ ಹೆಸರಲೆ ತಗೀತೇನಿ ಅಂದಿದ್ರಿ."

ಪ್ರಭಾಕರರ ಫೋಲ್ಡರಿನಲ್ಲಿ ಮೊದಲಿಗೆ ಏನೂ ಕಾಣಲಿಲ್ಲ. ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರೆ ಫೈಲು ಬರಿಗಣ್ಣಿಗೆ ಮರೆಯಾಗುತ್ತದೆ. ಪ್ರೋಗ್ರಾಮಿಗೆ ಮಾತ್ರ ಕಾಣುತ್ತದೆ. ಜಹೀರೋದ್ದೀನ ಮರೆಯಾದದ್ದನ್ನು ತೋರಿಸೆಂದು ಆಜ್ಞೆ ಕೊಟ್ಟಾಗ ಅದು ಮೇಲೆ ಬಂತು. ನಾಲ್ಕೇ ಸಾಲಿನ ಸೆಟ್ಟಿಂಗ್ ಫೈಲು. ಪಳಸವಾಡಿಯನ್ನು ಬಿಟ್ಟು ಬರೆದ ಹಿಂದಿನ ಬೇಸಿಗೆಯ ಯಾದಿಯನ್ನೇ ಓದಬೇಕೆಂದು ಮೂರು ಸಾಲುಗಳು. ಎಲ್ಲರ ಫೈಲು ಕೆಡದಿರಲೆಂದು ಪ್ರಭಾಕರರು ತಮ್ಮ ಮನೆಯಲ್ಲಿ ಮಾತ್ರ ಇಟ್ಟುಕೊಂಡದ್ದು. ಇನ್ನೊಂದು ಸಾಲು ಎಲ್ಲಕ್ಕೂ ಮೇಲೆ. ಅದರ ಮೊದಲಿಗೆ ಒಂದು ಗುರುತಿತ್ತು. ಆ ಗುರುತು ಕಂಡರೆ ಯಂತ್ರ ಸಾಲನ್ನು ಓದದೆ ದಾಟಿಹೋಗುತ್ತದೆ. ಅಂಥ ಸಾಲುಗಳನ್ನು ಮನುಷ್ಯರಿಗಾಗಿ ಬರೆಯುತ್ತಾರೆ.

ಜಹೀರೋದ್ದೀನ ಅದನ್ನು ಗಟ್ಟಿಯಾಗಿ ಓದಲಿಲ್ಲ. ಕುರ್ಚಿಯಿಂದೆದ್ದು ಜಾಗ ಬಿಟ್ಟ. ಗೋರಖನಾಥ ತಾನೇ ಓದಿದ.

"ಗೋರಖ, ಪಳಸವಾಡಿ ಜನ ತಿರುಗಿ ಬಂದ ಕೂಡಲೆ ಈ ಫೈಲು ತಗದು ಹಾಕು. ಮರೀಬ್ಯಾಡ."

ಒಂದು ವರ್ಷ ಅವನು ಹೂವಿಟ್ಟು ಕಾಯ್ದದ್ದು ಆ ಸಾಲನ್ನು. ಗುರುವಿನ ಕೊನೆಯ ಅಪ್ಪಣೆ ತನ್ನ ಹೆಸರಿಗೇ ಬರೆದು ಕಾದಿತ್ತು. ಗುರುವಿನ ಮೇಲಿನ ಭಕ್ತಿಯಿಂದಲೇ ಅವನು ಅದನ್ನು ಓದಲಿಲ್ಲ.

ವರ್ಷಾಂತಿಕದ ಊಟಕ್ಕೆ ಮಂಡಳಿಯವರೆಲ್ಲ ಪ್ರಭಾಕರರ ಮನೆಗೆ ಹೋದರು. ಎಲೆ ಹಾಕುವ ಮೊದಲು ದತ್ತಾತ್ರೇಯರು ಶಲ್ಯ ಸರಿಪಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು. ಆದ್ರ ಖರೇ ಖರೇನೇ. ಪ್ರಭಾಕರ ಬಿಟ್ಟು ಹೋದ ಫೈಲಿನಿಂದ ಎರಡು ಜೀವ ಹೋದವು. ಮಂಡಳಿಗಿ ಇದರಾಗ ಸಂಬಂಧ ಇಲ್ಲ."

ಅಲಕಾಬಾಯಿ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟರು. ಗೋಡೆಯ ಗೂಟದಲ್ಲಿ ಕೋಟು ಹಾಗೆಯೇ ತೂಗುತ್ತಿತ್ತು. ಗೋರಖನಾಥನಿಗೆ ಅಲ್ಲೊಂದು ಬಾಗಿಲು ತೆರೆದಿತ್ತು. ಸುಮ್ಮನಿದ್ದರೆ ಸಾಕು, ಪಾಪ ಸತ್ತವನ ತಲೆಗೆ ಹೋಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅವನು ಎದ್ದು ನಿಂತ.

"ಅವರು ತಗೀ ಅಂತ ಬರದಿಟ್ಟಿದ್ರು. ನಾ ತಗೀಲಿಲ್ಲ. ಜಹೀರೋದ್ದೀನ ಕೇಳಿದ್ರ ನಾ ಸುಳ್ಳು ಹೇಳ್ದೆ. ಆ ಮುದುಕಿ ಮೂರು ಸಲ ಬಂದ್ರೂ ಸುಳ್ಳಿ ಅಂದೆ. ನಂದೇ ತಪ್ಪು."

"ಅಂತೂ ಬಾಯಿ ಬಿಟ್ಟಿ!" ಎಂದರು ದತ್ತಾತ್ರೇಯರು. ಅವರ ದನಿಯಲ್ಲಿ ಹಗುರಾದ ಸಂತೋಷವಿತ್ತು. ಸತ್ತವನಿಗಿಂತ ಬದುಕಿದ ಅಪರಾಧಿ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. "ನಾ ಅವತ್ತೇ ಹೇಳಿದ್ದೆ ಪ್ರಭಾಕರಗ, ತಂಬಿಗಿ ಕೊಟ್ಟರ ಕೊಡು, ತಲಿ ಮ್ಯಾಲೆ ಕುಂದ್ರಸಬ್ಯಾಡ ಅಂತ. ನಾಳಿಂದ ಆಫೀಸಿನ ಮೆಟ್ಟಲ ಹತ್ತಬ್ಯಾಡ."

ಅವನು ಹೊರಬಂದು ಚಪ್ಪಲಿ ಮೆಟ್ಟುವಾಗ ಅಲಕಾಬಾಯಿ ಬಾಗಿಲಿಗೆ ಬಂದರು. "ಗೋರಖಣ್ಣ, ನಾ ಸರಸಬ್ಯಾಡ ಅಂದಿದ್ದಕ್ಕ ಹೀಂಗ ಆತೇನ್ರಿ?"

"ಇಲ್ರಿ ವೈನಿ. ನಂದು ಮೈಗಳ್ಳತನ."

ಅದು ಅವನ ಎರಡನೆಯ ಸುಳ್ಳು. ಮೊದಲನೆಯದರ ಲೆಕ್ಕ ದೇವರ ಮುಂದೆ ಅವನು ಕೊಡಬೇಕು. ಎರಡನೆಯದನ್ನು ದೇವರು ಕೇಳಲಾರನೆಂದು ನನ್ನ ನಂಬಿಕೆ.

ಅಂದೇ, ತನ್ನ ಊರಿಗೆ ಹೊರಡುವ ಮೊದಲು, ಅವನು ಕಚೇರಿಯ ಮೇಜಿನಡಿಯಿಂದ ಕೊಡವನ್ನು ತೆಗೆದುಕೊಂಡ. ಅದನ್ನು ಡಾಬಕಾದ ನಲ್ಲಿಯಲ್ಲಿ ತುಂಬಿ, ಹೆಗಲ ಮೇಲೆ ಹೊತ್ತು, ಪಳಸವಾಡಿಯವರೆಗೆ ನಡೆದ. ಕೇಶರಬಾಯಿ ಅಂಗಳದಲ್ಲಿದ್ದಳು. ಕೊಡವನ್ನು ಗುರುತಿಸಿದಳು. ಅವನು ಅದನ್ನು ಅವಳ ಕಾಲ ಬಳಿ ಇಟ್ಟು ತಲೆ ತಗ್ಗಿಸಿ ನಿಂತ. ಅವಳು ಕೊಡವನ್ನೆತ್ತಿ, ಅವನ ಕಣ್ಣೆದುರಿಗೇ, ಒಂದೇ ಧಾರೆಯಲ್ಲಿ ನೀರನ್ನೆಲ್ಲ ನೆಲಕ್ಕೆ ಸುರಿದಳು. ಒಣ ನೆಲ ಅದನ್ನು ಸದ್ದಿಲ್ಲದೆ ಹೀರಿತು. ಖಾಲಿ ಕೊಡವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಬೇಸಿಗೆಯಿಂದೀಚೆ ಗೋರಖನಾಥ ಬೀದರಕ್ಕೆ ಹೋಗಿಲ್ಲ. ಔರಾದ ಕಡೆ ನೀರು ಸಾಗಿಸುವ ಫಕ್ರೋದ್ದೀನನೆಂಬ ಡ್ರೈವರನ ಟ್ಯಾಂಕರಿನಲ್ಲಿ ಪೈಪು ಹಿಡಿಯುವ ಕೆಲಸ ಅವನದು. ಬರ ಬಂದ ಪ್ರತಿ ಬೇಸಿಗೆಯಲ್ಲೂ ಹೋಗುತ್ತಾನೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡರೂ ನಂಬುವುದಿಲ್ಲ. ಪ್ರತಿ ಊರಿನಲ್ಲಿಯೂ ಇಳಿದು, ಮನೆ ಮನೆಯ ಬಾಗಿಲಿಗೆ ಹೋಗಿ, "ನೀರು ಬಂದದ್ರಿ, ಯಾರರ ಉಳದೀರೇನು?" ಎಂದು ಕೂಗುತ್ತಾನೆ. ಫಕ್ರೋದ್ದೀನ ಹಾರ್ನು ಹೊಡೆದು ಹೊಡೆದು ಬೇಸತ್ತು, "ಅರೆ ಭಾಯಿ, ಸತ್ತವರನ್ನೂ ಎಬ್ಬಸ್ತೀ ಏನು!" ಎನ್ನುತ್ತಾನೆ. ಗೋರಖನಾಥ ಆ ಮಾತಿಗೆ ನಗುವುದಿಲ್ಲ.

ಪಳಸವಾಡಿಯಲ್ಲಿ ಕೇಶರಬಾಯಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾಳೆ. ಎಲ್ಲರ ಕೊಡಗಳು ತುಂಬಿದ ಮೇಲೆ ನಿಧಾನವಾಗಿ ಮುಂದೆ ಬಂದು, ಅದೇ ಕೊಡವನ್ನು ಪೈಪಿನ ಕೆಳಗೆ ಇಡುತ್ತಾಳೆ. ಆದರೆ ತುಂಬಲು ಬಿಡುವುದಿಲ್ಲ. ಕೊಡದ ಬಾಯಿಗೆ ಅಂಗೈ ಮುಚ್ಚಿ, ಅವನ ಮುಖ ನೋಡಿ, ವಾಡಿಯ ಹೆಂಗಸರೆಲ್ಲ ಕೇಳುವಂತೆ ಪ್ರತಿ ಸಲವೂ ಅದೇ ಒಂದು ಮಾತು ಕೇಳುತ್ತಾಳೆ.

"ಇವತ್ತ ಕಂಪ್ಯೂಟರದಾಗ ನಾವ ಅದೇವೇನಪ್ಪ?"

ಅವನು ಉತ್ತರ ಕೊಡುವವರೆಗೆ ಅವಳು ಕೈ ತೆಗೆಯುವುದಿಲ್ಲ. ನೀರು ಅವಳ ಬೆರಳುಗಳ ಮೇಲಿಂದ ಹರಿದು ಮಣ್ಣಿನ ಪಾಲಾಗುತ್ತಿರುತ್ತದೆ. ಹೆಂಗಸರು ಕೊಡ ಹೊತ್ತವರು ಹೊತ್ತಲ್ಲೇ ನಿಂತು ನೋಡುತ್ತಾರೆ.

"ಅದೀರಿ ಅವ್ವಾ," ಎನ್ನುತ್ತಾನೆ ಗೋರಖನಾಥ.

ಆಗ ಕೈ ತೆಗೆಯುತ್ತಾಳೆ.